ಸರ್ವರಿನೊಳಗೆ ಸುಮ್ಮನೆ ಕೂತಿದ್ದು

ನನಗೊಂದು ಕೆಟ್ಟ ಚಾಳಿಯಿದೆ, ಮೊದಲೇ ಹೇಳಿಬಿಡುತ್ತೇನೆ. ಏನೂ ಕೆಲಸವಿಲ್ಲದೆ ಸುಮ್ಮನೆ ಇರುವ ವಸ್ತುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೊಬೈಲ್ ಇಲ್ಲದೆ ಗೋಡೆಗೆ ಜೋತುಬಿದ್ದ ಚಾರ್ಜರ್, ಯಾರೂ ನೋಡದಿದ್ದರೂ ಕೆಂಪು ದೀಪ ಹೊತ್ತಿಸಿಕೊಂಡು ಕೂತ ಟೀವಿ, ಅವರೆಕಾಯಿ ಕಾಲದಲ್ಲಿ ಒಂದು ಸಲ ಮಾತ್ರ ಅಟ್ಟದಿಂದ ಇಳಿಯುವ ದೊಡ್ಡ ಪಾತ್ರೆ, ಇವೆಲ್ಲ ನನ್ನ ಕಣ್ಣಿಗೆ ಕರೆಯದೆ ಬಂದು ಪಂಕ್ತಿಯಲ್ಲಿ ಕೂತವರ ಹಾಗೆ ಕಾಣುತ್ತವೆ. ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ನಾನು ಕೋಣೆಯಿಂದ ಕೋಣೆಗೆ ಹೋಗಿ ಪ್ಲಗ್ಗುಗಳನ್ನೆಲ್ಲ ಕಿತ್ತಿಡುತ್ತೇನೆ. ನನ್ನ ಹೆಂಡತಿ ಸರೋಜ ತವರಿಗೆ ಹೋಗಿದ್ದಾಗ ಒಮ್ಮೆ ಇದೇ ಉತ್ಸಾಹದಲ್ಲಿ ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತಿದ್ದೆ. ಸಂಜೆ ಬಂದು ನೋಡಿದರೆ ಎರಡು ಲೀಟರ್ ಹಾಲು ಒಡೆದು ನನ್ನ ಮುಖ ನೋಡುತ್ತಿತ್ತು. ಆದರೂ ನನಗೆ ಬುದ್ಧಿ ಬರಲಿಲ್ಲ. "ಸುಮ್ನೆ ಇದ್ರೂ ತಿನ್ನತ್ತೆ ಕಣೇ, ಗೊತ್ತಾಗ್ದ ಹಾಗೆ ಒಳಗೊಳಗೇ ತಿನ್ನತ್ತೆ" ಎಂದು ಸರೋಜಳಿಗೆ ಉಪದೇಶ ಮಾಡುತ್ತಿದ್ದೆ. ಅವಳು ಕಾಳು ಹಿಸುಕುತ್ತಲೇ, ತಲೆಯೆತ್ತದೆ, "ಹಾಗಾದ್ರೆ ಭಾನುವಾರ ಮೊದ್ಲು ನಿಮ್ ಪ್ಲಗ್ ಕಿತ್ತಿಡ್ಬೇಕು ಕಣ್ರೀ" ಎನ್ನುತ್ತಿದ್ದಳು.

ಈ ಚಾಳಿ ಮನೆಯ ಹೊಸಿಲು ದಾಟದೆ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ನಾನು ದಿನಾ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗುತ್ತೇನೆ, ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಕಚೇರಿ ಸೂಪರಿಂಟೆಂಡೆಂಟ್ ಆಗಿದ್ದೇನೆ. ಸೂಪರಿಂಟೆಂಡೆಂಟ್ ಎಂದರೆ ತಾನು ಕೆಲಸ ಮಾಡದೆ ಉಳಿದವರು ಮಾಡುತ್ತಿದ್ದಾರೆಯೇ ಎಂದು ನೋಡುವವನು ಎಂದು ನೀವು ತಿಳಿದಿದ್ದರೆ ನಿಮ್ಮ ತಿಳಿವಳಿಕೆ ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಆಫೀಸ್ ಕಾಪಿ. ನಮ್ಮ ಕಚೇರಿಯಿಂದ ಒಂದು ಕಾಗದ ಹೊರಗೆ ಹೋದರೆ ಅದರ ಪಡಿಯಚ್ಚು ಒಂದು ನಮ್ಮಲ್ಲಿ ಉಳಿಯಲೇಬೇಕು. ಇದನ್ನು ನನಗೆ ಕಲಿಸಿದ ಹಿಂದಿನ ಸೂಪರಿಂಟೆಂಡೆಂಟರು, "ದೇವರ ಮೇಲೆ ನಂಬಿಕೆ ಇರ್ಲಿ ಕಣಪ್ಪ, ಆದ್ರೆ ಆಫೀಸ್ ಕಾಪಿ ಇಟ್ಕೋ" ಎನ್ನುತ್ತಿದ್ದರು. ಆ ಮಾತು ನನ್ನ ರಕ್ತಕ್ಕೆ ಇಳಿದಿದೆ. ಮಗಳ ಮದುವೆಯ ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಮೊದಲನೆಯದು ದೇವರ ಮುಂದೆ, ಎರಡನೆಯದು ಫೈಲಿನೊಳಗೆ. ಬಳಸದ ವಸ್ತುವನ್ನು ಕಂಡರಾಗದ ನಾನು, ಯಾರೂ ಎಂದೂ ತೆರೆಯದ ಈ ಕಾಪಿಗಳನ್ನು ಮಾತ್ರ ಯಾಕೆ ಕಣ್ಣಿನ ರೆಪ್ಪೆಯಂತೆ ಕಾಪಾಡುತ್ತೇನೆ ಎಂದು ಕೇಳಬೇಡಿ. ಸರೋಜ ಕೇಳಿದ್ದಾಳೆ, ನಾನು ಪ್ಲಗ್ಗು ಕೀಳಲು ಎದ್ದು ಹೋಗಿದ್ದೇನೆ.

ಇನ್ನು ಈ ಕಥೆಯ ನಿಜವಾದ ದೊಡ್ಡ ವ್ಯಕ್ತಿಗೆ ಬರುತ್ತೇನೆ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು ಮತ್ತು ಅದರ ಪಕ್ಕದ ಸರ್ವರ್ ಕೋಣೆ ಮುನಿರತ್ನಮ್ಮನವರ ವಶದಲ್ಲಿವೆ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯವರು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದು, ಟೈಪಿಸ್ಟ್ ಆಗಿ ನಮ್ಮಲ್ಲಿ ಸೇರಿ, ಟೈಪ್‌ರೈಟರ್ ಮೂಲೆಗೆ ಹೋದ ಮೇಲೆ ತಾವು ಮೂಲೆಗೆ ಹೋಗದೆ ಒಂದೊಂದೇ ಪರೀಕ್ಷೆ ಪಾಸು ಮಾಡಿ ಆ ಕೋಣೆಯ ಬೀಗದ ಕೈ ಸಂಪಾದಿಸಿದವರು. ಸರ್ವರ್ ಕೋಣೆಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಡಬೇಕು. ಹುಳು ಮನೆಯ ಮಡಿ ಅದು. ಪ್ರಾಂಶುಪಾಲರೇ ಬಂದರೂ "ಚಪ್ಲಿ ಸಾರ್" ಎನ್ನುತ್ತಾರೆ, ಅಷ್ಟೇ ಮೆಲ್ಲಗೆ, ಅಷ್ಟೇ ಗಟ್ಟಿಯಾಗಿ. ಒಳಗೆ ಆ ಸರ್ವರು ಒಂದು ಕಬ್ಬಿಣದ ಬೀರುವಿನಲ್ಲಿ ಗುಂಯ್‌ಗುಡುತ್ತಾ ಕೂತಿರುತ್ತದೆ. ಪ್ರವೇಶಾತಿ, ಹಾಜರಿ, ಅಂಕಪಟ್ಟಿ, ಹಾಲ್‌ಟಿಕೆಟ್ಟು, ನಮ್ಮ ಕಾಲೇಜಿನ ಸಮಸ್ತ ಹಣೆಬರಹವೂ ಅದರ ಹೊಟ್ಟೆಯಲ್ಲಿದೆ.

ಈ ಸರ್ವರು ಜೂನ್ ತಿಂಗಳಿಂದ ಕುಂಟತೊಡಗಿತು. ಬೆಳಿಗ್ಗೆ ಕಚೇರಿ ತೆರೆದು ಗುಮಾಸ್ತರು ಕುರ್ಚಿಗೆ ಬೆನ್ನು ಕೊಡುವಷ್ಟರಲ್ಲಿ ಎಲ್ಲ ಪರದೆಗಳಲ್ಲೂ ಒಂದು ಸಣ್ಣ ವೃತ್ತ ಗಿರಗಿರ ತಿರುಗಲು ಶುರುವಾಗುತ್ತಿತ್ತು. ಒಂದು ವ್ಯಾಸಂಗ ಪ್ರಮಾಣಪತ್ರ ತೆಗೆಯಲು ಹೋದರೆ ಕಾಫಿ ಕುಡಿದು ಬರಬಹುದಿತ್ತು. ಜನ ಕುಡಿದೂ ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತಿತ್ತು. ಮುನಿರತ್ನಮ್ಮನವರಿಗೆ ಹೇಳಿದರೆ, "ನಾನ್ ನೋಡಿದಾಗೆಲ್ಲ ಚೆನ್ನಾಗೇ ಓಡ್ತಿರತ್ತೆ ಸಾರ್" ಎನ್ನುತ್ತಿದ್ದರು. ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆಯವರೆಗೆ ಅವರಿಗೆ ಲ್ಯಾಬಿನಲ್ಲಿ ಮಕ್ಕಳ ಪ್ರಾಕ್ಟಿಕಲ್ ತರಗತಿ. ಅದು ಮುಗಿಸಿ ಅವರು ಬರುವಾಗ ಸರ್ವರು ಒಳ್ಳೆಯ ಹುಡುಗನ ಹಾಗೆ ಕೈಕಟ್ಟಿ ಕೂತಿರುತ್ತಿತ್ತು. ಇದು ನಿಜವಾದ ಮಾತು. ನಾನು ಮಾತ್ರ ಇದನ್ನು ಜಾರಿಕೊಳ್ಳುವ ಮಾತು ಎಂದು ತಿಳಿದೆ.

ಆಡಳಿತ ಮಂಡಳಿಯಲ್ಲಿ ಗುಸುಗುಸು ಎದ್ದಿತು. ಸರ್ವರಿನ ಉಸ್ತುವಾರಿಯನ್ನು ಹೊರಗಿನ ಒಂದು ಕಂಪನಿಗೆ ವಹಿಸಿ, ಮುನಿರತ್ನಮ್ಮನವರನ್ನು ಲೈಬ್ರರಿಗೆ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಲು ಕಳಿಸಿದರೆ ಹೇಗೆ ಎಂದು ಮಂಡಳಿಯವರು ಪ್ರಾಂಶುಪಾಲರನ್ನು ಕೇಳಿದರು. ಪರೀಕ್ಷೆಯ ಹಾಲ್‌ಟಿಕೆಟ್ಟುಗಳನ್ನು ಹತ್ತು ದಿನದೊಳಗೆ ತೆಗೆಯಬೇಕಿತ್ತು. ಪ್ರಾಂಶುಪಾಲರು ನನ್ನನ್ನು ಕರೆದು, "ಕಾರಣ ಏನು ಅಂತ ನೋಡಿ ಒಂದು ಟಿಪ್ಪಣಿ ಕೊಡ್ರಿ. ಅದನ್ನ ನೋಡ್ಕೊಂಡು ತೀರ್ಮಾನ ಮಾಡೋಣ" ಎಂದರು. ಒಬ್ಬ ಹೆಂಗಸಿನ ಇಪ್ಪತ್ತು ವರ್ಷದ ಬೀಗದ ಕೈ ನನ್ನ ಪೆನ್ನಿನ ತುದಿಗೆ ಬಂದು ಕೂತಿತು. ನನಗೆ ಭಯವಾಗಬೇಕಿತ್ತು. ಆಗಿದ್ದು ಸಂತೋಷ.

ಚಪ್ಪಲಿ ಬಿಟ್ಟು ಸರ್ವರ್ ಕೋಣೆಗೆ ಹೋದೆ. ಮುನಿರತ್ನಮ್ಮ ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ ತೆರೆದು ತೋರಿಸಿದರು. ಸರ್ವರಿಗೆ ಯಾವ ಯಾವ ಸೌಲಭ್ಯ ಹಾಕಿದೆ ಎನ್ನುವ ಪಟ್ಟಿ. ಹಾಕಿರುವುದಕ್ಕೆಲ್ಲ ಮುಂದೆ ಒಂದು ಟಿಕ್ಕು. ನನ್ನ ಕಣ್ಣು ಅವುಗಳಲ್ಲಿ ಒಂದರ ಮೇಲೆ ನಿಂತಿತು. "ಇದೇನಮ್ಮ?" ಎಂದೆ.

"ವರ್ಚುವಲೈಸೇಷನ್ ಸಾರ್. ಒಂದೇ ಸರ್ವರ್ ಒಳಗೆ ಬೇರೆ ಬೇರೆ ಸರ್ವರ್ ಇದ್ದ ಹಾಗೆ ನಡೆಸೋ ಅನುಕೂಲ. ಮಕ್ಕಳಿಗೆ ಪ್ರಾಕ್ಟೀಸ್ ಮಾಡ್ಲಿ ಅಂತ ಎರಡು ಮಾಡಿದ್ದೆ. ಆಮೇಲೆ ಅವನ್ನ ಲ್ಯಾಬಿಗೇ ವರ್ಗ ಮಾಡ್ದೆ."

"ಈಗ ಎಷ್ಟು ನಡೀತಿವೆ?"

"ಒಂದೂ ಇಲ್ಲ ಸಾರ್."

"ಮತ್ತೆ ಟಿಕ್ಕು?"

"ಊರಿಕೆ ಇದೆ ಸಾರ್. ಮುಂದೆ ಬೇಕಾದ್ರೆ ಇರ್ಲಿ ಅಂತ ಬಿಟ್ಟಿದ್ದೀನಿ."

ಊರಿಕೆ ಎಂದರೆ ಸುಮ್ಮನೆ. ತೆಲುಗಿನ ಮಾತು. ಆಂಧ್ರದ ಗಡಿಯಿಂದ ಯಾರೋ ಕೈಗಡ ತಂದದ್ದನ್ನು ನಮ್ಮ ಕಡೆಯವರು ವಾಪಸು ಕೊಡದೆ ಬಳಸಿಕೊಂಡು ಬಂದಿದ್ದೇವೆ. ಆ ಒಂದು ಮಾತು ಕೇಳಿದ್ದೇ ತಡ, ನನ್ನ ಮೈಯೆಲ್ಲ ಜುಮ್ಮೆಂದಿತು. ಸರ್ವರಿನೊಳಗೆ ಒಂದು ಇಡೀ ಸೌಲಭ್ಯ ಕೆಲಸವಿಲ್ಲದೆ ಕೂತಿದೆ! ಗೋಡೆಗೆ ಜೋತುಬಿದ್ದ ಚಾರ್ಜರಿನ ದೊಡ್ಡಪ್ಪನೇ ಸಿಕ್ಕ ಹಾಗಾಯಿತು. ನೇರವಾಗಿ ಬಂದು ಕೂತು ಟಿಪ್ಪಣಿ ಟೈಪು ಮಾಡಿದೆ. "ಸದರಿ ಸರ್ವರಿನಲ್ಲಿ ವರ್ಚುವಲೈಸೇಷನ್ ಎಂಬ ಸೌಲಭ್ಯವನ್ನು ಯಾವುದೇ ಬಳಕೆಯಿಲ್ಲದೆ ಅನಗತ್ಯವಾಗಿ ಇರಿಸಿಕೊಂಡಿರುವುದು ಕಂಡುಬಂದಿದ್ದು, ಸದರಿ ಸೌಲಭ್ಯವು ಸರ್ವರಿನ ಶಕ್ತಿಯನ್ನು ಒಳಗಿಂದೊಳಗೇ ಕಬಳಿಸುತ್ತಿರುವುದೇ ವಿಳಂಬಕ್ಕೆ ಕಾರಣವಾಗಿರುತ್ತದೆ. ಇದು ಸಂಬಂಧಪಟ್ಟ ಸಿಬ್ಬಂದಿಯ ನಿರ್ಲಕ್ಷ್ಯವಾಗಿದ್ದು, ತಮ್ಮ ಅವಗಾಹನೆಗೆ ತರಲಾಗಿದೆ." ಕಬಳಿಸುತ್ತಿರುವುದೇ ಎಂಬಲ್ಲಿ ಆ ಏಕಾರ ಹಾಕುವಾಗ ನನಗೆ ಸಿಕ್ಕ ತೃಪ್ತಿಯನ್ನು ಇಲ್ಲಿ ಮುಚ್ಚಿಡುವುದಿಲ್ಲ. ಒಂದು ಪ್ರತಿ ಪ್ರಾಂಶುಪಾಲರಿಗೆ, ಒಂದು ಆಫೀಸ್ ಕಾಪಿ.

ಮರುದಿನ ಪ್ರಾಂಶುಪಾಲರು ಇಬ್ಬರನ್ನೂ ಕರೆಸಿದರು. ಮುನಿರತ್ನಮ್ಮ ನನ್ನ ಟಿಪ್ಪಣಿಯನ್ನು ನಿಂತುಕೊಂಡೇ ಓದಿದರು. ನಿರ್ಲಕ್ಷ್ಯ ಎಂಬ ಮಾತಿನ ಹತ್ತಿರ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿದ್ದನ್ನು ನಾನು ನೋಡಿದೆ. ಅಳುತ್ತಾರೆ ಎಂದುಕೊಂಡೆ, ಜಗಳವಾಡುತ್ತಾರೆ ಎಂದುಕೊಂಡೆ. ಎರಡಕ್ಕೂ ನಾನು ಸಿದ್ಧನಾಗಿದ್ದೆ. ಅವರು ಕಾಗದವನ್ನು ಮಡಿಕೆ ಬೀಳದ ಹಾಗೆ ಮೇಜಿನ ಮೇಲಿಟ್ಟು, "ತಿಂತಿದ್ರೆ ತಿಂತಿರಬಹುದು ಸಾರ್. ಬಾಯಲ್ಲಿ ಹೇಳಿದ್ರೆ ಆಗಲ್ಲ, ತೂಗಿ ನೋಡಣ. ಮೂರು ದಿನ ಕೊಡಿ. ಸೂಪರಿಂಟೆಂಡೆಂಟ್ ಸಾರೇ ಪಕ್ಕದಲ್ಲಿರ್ಲಿ. ಅವರು ಹೇಳಿದ್ದೇ ನಿಜ ಆದ್ರೆ ಕೀ ನಿಮ್ ಟೇಬಲ್ ಮೇಲಿಟ್ಟು ಲೈಬ್ರರಿಗೆ ಹೋಗ್ತೀನಿ" ಎಂದರು. ಪ್ರಾಂಶುಪಾಲರು ಒಪ್ಪಿದರು. ನಾನು ಹಿರಿತನದಿಂದ ತಲೆಯಾಡಿಸಿದೆ.

ಕಚೇರಿ ತೆರೆಯುವ ಮೊದಲು, ಯಾರೂ ಸರ್ವರನ್ನು ಮುಟ್ಟದ ಎಂಟು ಗಂಟೆಗೆ ಪರೀಕ್ಷೆ ಎಂದು ನಿಗದಿಯಾಯಿತು. ಅದಕ್ಕಾಗಿ ನಾನು ಆರೂಮುಕ್ಕಾಲರ ಬಸ್ಸು ಹಿಡಿಯಬೇಕಾಯಿತು. ಆ ಬಸ್ಸಿನಲ್ಲಿ ಮನುಷ್ಯರಿಗಿಂತ ಸೇವಂತಿಗೆ ಮೂಟೆಗಳು ಹೆಚ್ಚು. ಒಂದು ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಊರಾಚೆಯ ರೇಷ್ಮೆ ನೂಲು ಬಿಚ್ಚುವ ಮನೆಗಳ ವಾಸನೆ ಮುಗಿಯುವವರೆಗೆ ಮೂಗು ಮುಚ್ಚಿಕೊಂಡು, ಗೆಲ್ಲುವವನ ಗತ್ತಿನಲ್ಲಿ ಕೂತು ಹೋದೆ.

ಮುನಿರತ್ನಮ್ಮ ಆಗಲೇ ಬಂದು ಕಸ ಗುಡಿಸಿ, ಒಂದು ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಹಾಕಿ ಕೂತಿದ್ದರು. ಅವರ ಕ್ರಮ ನೋಡಿ ನನಗೆ ಮೊದಲ ದಿನವೇ ಒಂದು ಬಗೆಯ ಕಸಿವಿಸಿ ಶುರುವಾಯಿತು. ನನ್ನ ಟಿಪ್ಪಣಿ ಬರೆಯಲು ನಾನು ತೆಗೆದುಕೊಂಡದ್ದು ಕಾಲು ಗಂಟೆ. ಅದನ್ನು ಪರೀಕ್ಷಿಸಲು ಅವರು ಮಾಡಿಕೊಂಡ ಸಿದ್ಧತೆ ಹೀಗಿತ್ತು. ಒಂದೇ ತರಹದ ನೂರು ಹಾಲ್‌ಟಿಕೆಟ್ಟು. ಅವನ್ನು ಸರ್ವರಿನಿಂದ ತೆಗೆಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ನೋಡುವುದು. ಆಗ ಸರ್ವರಿನ ಮೆಮೊರಿ ಎಷ್ಟು, ಪ್ರೊಸೆಸರ್ ಎಷ್ಟು ಖರ್ಚಾಗುತ್ತಿದೆ ಎಂದು ಬರೆದುಕೊಳ್ಳುವುದು. ಮತ್ತೆ ಮೊದಲಿನಿಂದ, ಹೀಗೆ ಹತ್ತು ಸಲ. ಒಂದು ದಿನ ಆ ಟಿಕ್ಕು ಇಟ್ಟುಕೊಂಡು, ಮರುದಿನ ಟಿಕ್ಕು ತೆಗೆದು ಸರ್ವರನ್ನು ಹೊಸದಾಗಿ ಶುರು ಮಾಡಿ. "ಒಂದೇ ಸಲ ನೋಡಿದ್ರೆ ಸಾಲ್ದಾ?" ಎಂದು ಆಕಳಿಸುತ್ತಾ ಕೇಳಿದೆ. "ಒಂದೇ ಗೂಡು ಅಲ್ಲಾಡಿಸಿ ಇಡೀ ಲಾಟಿಗೆ ಬೆಲೆ ಕಟ್ತಾರಾ ಸಾರ್? ನೀವು ಶಿಡ್ಲಘಟ್ಟದವರು, ನಿಮಗೆ ನಾನು ಹೇಳ್ಬೇಕಾ?" ಎಂದರು. ನಮ್ಮೂರಿನ ಗೂಡಿನ ಮಾರ್ಕೆಟ್ಟಿನಲ್ಲಿ ಕೊಳ್ಳುವವರು ರಾಶಿಯ ಮೇಲಿಂದೊಂದು, ನಡುವಿಂದೊಂದು, ತಳದಿಂದೊಂದು ರೇಷ್ಮೆ ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಅದನ್ನು ಐವತ್ತು ವರ್ಷ ಎದುರಿಗೇ ಕಂಡವನು ನಾನು. ಕಂಡದ್ದೇ ಬಂತು. ಅವರು ಬರೆದ ಪ್ರತಿಯೊಂದು ಸಾಲಿನ ಮುಂದೆಯೂ ಸಾಕ್ಷಿಯಾಗಿ ನಾನು ಸಹಿ ಹಾಕಬೇಕಿತ್ತು. ಅದೊಂದು ಕೆಲಸವನ್ನು ಮಾತ್ರ ಸೊಗಸಾಗಿ ಮಾಡಿದೆ.

ಎರಡನೆಯ ದಿನ ಟಿಕ್ಕು ತೆಗೆದು ಹತ್ತು ಸಲ ಅಳೆದದ್ದಾಯಿತು. ಎರಡೂ ದಿನದ ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಹಾಲ್‌ಟಿಕೆಟ್ಟು ತೆಗೆಯಲು ಹಿಡಿದ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಒಂದು ಸಲ ಇದು ಒಂದೆರಡು ಕ್ಷಣ ಮುಂದೆ, ಇನ್ನೊಂದು ಸಲ ಅದು ಮುಂದೆ. ಪ್ರೊಸೆಸರಿನ ಲೆಕ್ಕವೂ ಹಾಗೇ. ಈಗ ಮುನಿರತ್ನಮ್ಮ ಕೇಕೆ ಹಾಕಬಹುದಿತ್ತು. ನಾನಾಗಿದ್ದರೆ ಹಾಕುತ್ತಿದ್ದೆ, ಅದಕ್ಕೊಂದು ಆಫೀಸ್ ಕಾಪಿಯನ್ನೂ ಇಡುತ್ತಿದ್ದೆ. ಅವರು ಪೆನ್ಸಿಲ್ಲಿನ ತುದಿಯನ್ನು ಒಂದು ಕಡೆ ಇಟ್ಟು, "ಇಲ್ಲಿ ನೋಡಿ ಸಾರ್, ಮೆಮೊರಿ. ಟಿಕ್ಕು ಇದ್ದಾಗ ಸ್ವಲ್ಪ ಜಾಸ್ತಿ ಹಿಡಿದಿದೆ. ಇಲ್ಲ ಅನ್ನಕ್ಕಾಗಲ್ಲ" ಎಂದರು.

ತಮ್ಮ ಬೀಗದ ಕೈ ಪಣಕ್ಕಿಟ್ಟ ಹೆಂಗಸು ತಮಗೇ ವಿರುದ್ಧವಾದ ಅಂಕಿಯನ್ನು ತಾವೇ ಬೆರಳಿಟ್ಟು ತೋರಿಸಿದ್ದನ್ನು ನಾನು ಅದುವರೆಗೆ ಯಾವ ಕಚೇರಿಯಲ್ಲೂ ನೋಡಿರಲಿಲ್ಲ. ನಾನಂತೂ ಆ ಅಂಕಿಯನ್ನು ಗಮನಿಸಿಯೇ ಇರಲಿಲ್ಲ.

"ಅಂದ್ರೆ ತಿನ್ನತ್ತೆ ಅಂತಾಯ್ತಲ್ಲ?" ಎಂದೆ, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ.

"ತಿನ್ನೋದು ಬೇರೆ, ಜಾಗ ಹಿಡಿಯೋದು ಬೇರೆ ಸಾರ್. ಟಿಕ್ಕು ಹಾಕಿದ್ರೆ ಆಪರೇಟಿಂಗ್ ಸಿಸ್ಟಮ್ ಕೆಳಗೆ ಒಂದು ತೆಳುವಾದ ಪದರ ಬಂದು ಕೂತ್ಕೊಳತ್ತೆ. ಯಾರಾದ್ರೂ ಕರೀಬಹುದು ಅಂತ ಒಂದೆರಡು ಸಣ್ಣ ಕೆಲಸದವರು ಎಚ್ಚರ ಇರ್ತಾರೆ. ಅವರಿಗೆ ಅಂತ ಚೂರು ಮೆಮೊರಿ. ಒಳಗೆ ನಿಜವಾಗ್ಲೂ ಇನ್ನೊಂದು ಸರ್ವರ್ ಎಬ್ಬಿಸಿದ್ರೆ ಆವಾಗ ತಿನ್ನತ್ತೆ, ಹೊಟ್ಟೆ ತುಂಬ ತಿನ್ನತ್ತೆ. ಎಬ್ಬಿಸದೆ ಇದ್ರೆ ಇಲ್ಲ." ಪೆನ್ಸಿಲ್ಲು ಕೆಳಗಿಟ್ಟು ಸೇರಿಸಿದರು. "ನಮ್ ಹುಳು ಜ್ವರಕ್ಕೆ ಕೂರತ್ತಲ್ಲ ಸಾರ್, ಹಾಗೆ."

ಹುಳು ಸಾಕುವವರು ಜ್ವರ ಎನ್ನುವುದು ಕಾಯಿಲೆಯನ್ನಲ್ಲ. ರೇಷ್ಮೆ ಹುಳು ಪೊರೆ ಬಿಡುವ ಮೊದಲು ತಲೆಯೆತ್ತಿಕೊಂಡು ಅಲುಗಾಡದೆ ಕೂರುತ್ತದೆ. ಆಗ ಎಷ್ಟು ಒಳ್ಳೆಯ ಹಿಪ್ಪುನೇರಳೆ ಸೊಪ್ಪು ಹಾಕಿದರೂ ಮೂಸಿ ನೋಡುವುದಿಲ್ಲ. ತಟ್ಟೆಯಲ್ಲಿ ಅಂಗುಲ ಜಾಗ ಹಿಡಿದಿರುತ್ತದೆ, ಅಷ್ಟೇ. "ಜ್ವರಕ್ಕೆ ಕೂತ ಹುಳೂನ ಸೊಪ್ಪು ತಿಂದು ಹಾಕ್ತು ಅಂತ ಬೈದ್ರೆ ನಮ್ಮಮ್ಮ ನಗ್ತಿದ್ರು ಸಾರ್" ಎಂದರು ಮುನಿರತ್ನಮ್ಮ. ನಾನು ಅವರಮ್ಮನನ್ನು ನೋಡಿದವನಲ್ಲ. ಆದರೆ ಆ ನಗು ಕೇಳಿಸಿದ ಹಾಗಾಯಿತು. ಮಾತಿನ ಕೊನೆಗೆ ಅವರು, "ಆದ್ರೂ ಬೇಡದ್ದನ್ನ ತೆಗೆದಿಡೋದು ಒಳ್ಳೇದೇ ಸಾರ್. ಅಚ್ಚುಕಟ್ಟು. ನಿಧಾನಕ್ಕೆ ಮಾತ್ರ ಇದು ಕಾರಣ ಅಲ್ಲ" ಎಂದು ಸೇರಿಸಿದರು. ನನಗೆ ಅಷ್ಟು ಮರ್ಯಾದೆ ಉಳಿಸಿಕೊಟ್ಟು ಮಾತು ಮುಗಿಸಿದ್ದರು. ತೆಗೆದುಕೊಂಡು ಮನೆಗೆ ಹೋಗಬಹುದಿತ್ತು.

ಆದರೆ ಸೋತ ಗುಮಾಸ್ತನಿಗೆ ಕೊನೆಯ ಗಳಿಗೆಯಲ್ಲಿ ಒಂದು ನಿಯಮ ಹೊಳೆದೇ ಹೊಳೆಯುತ್ತದೆ. "ಮುನಿರತ್ನಮ್ಮ, ನೀವು ಅಳೆದಿದ್ದು ಎಂಟು ಗಂಟೆಗೆ. ನಮ್ಮ ತಕರಾರು ಇರೋದು ಹತ್ತೂವರೆ ಮೇಲೆ. ಹತ್ತೂವರೆಗೆ ಅಳೆದು ತೋರ್ಸಿ. ಪ್ರಾಂಶುಪಾಲರ ಎದುರಿಗೇ ಆಗ್ಲಿ" ಎಂದೆ. ಹೇಳಿ, ನನ್ನ ಬುದ್ಧಿಗೆ ನಾನೇ ತಲೆದೂಗಿದೆ. "ಹತ್ತೂವರೆ ಬೇಡ ಸಾರ್. ಇಷ್ಟಕ್ಕೇ ಮುಗಿಸೋಣ. ಮಿಕ್ಕಿದ್ದು ನಾನೇ ಸರಿ ಮಾಡ್ಕೋತೀನಿ" ಎಂದರು ಮೆಲ್ಲಗೆ. ಅವರ ದನಿ ಬಗ್ಗಿದ್ದು ಕೇಳಿ ನಾನು ಹಿಗ್ಗಿಬಿಟ್ಟೆ. ಹೆದರಿದರು, ಸಿಕ್ಕಿಬಿದ್ದರು ಎಂದು ಲೆಕ್ಕ ಹಾಕಿದೆ. "ಆಗಲ್ಲಮ್ಮ. ನ್ಯಾಯ ಅಂದ್ಮೇಲೆ ಪೂರ್ತಿ ಆಗ್ಬೇಕು" ಎಂದೆ. "ಸರಿ ಸಾರ್" ಎಂದು ಅವರು ನೋಟ್‌ಬುಕ್ಕು ಮುಚ್ಚಿದರು.

ಮೂರನೆಯ ದಿನ ಲ್ಯಾಬಿನ ತರಗತಿಗೆ ಬೇರೊಬ್ಬರನ್ನು ಕಳಿಸಿ, ನಾವು ಮೂವರೂ ಚಪ್ಪಲಿ ಬಿಟ್ಟು ಸರ್ವರಿನ ಮುಂದೆ ಕೂತೆವು. ಟಿಕ್ಕು ತೆಗೆದೇ ಇತ್ತು. ಹತ್ತೂ ಇಪ್ಪತ್ತಕ್ಕೆ ನೂರು ಹಾಲ್‌ಟಿಕೆಟ್ಟು ಸರಸರನೆ ಬಂದವು. ಹತ್ತೂವರೆಯಾಯಿತು. ಬೀರುವಿನೊಳಗಿನ ಗುಂಯ್ ಎನ್ನುವ ಸದ್ದು ಸ್ವಲ್ಪ ದಪ್ಪವಾಯಿತು. ಪರದೆಯಲ್ಲಿ ಆ ಹಾಳು ವೃತ್ತ ಗಿರಗಿರ ತಿರುಗತೊಡಗಿತು. ಒಂದು ಹಾಲ್‌ಟಿಕೆಟ್ಟು, ಅದಾದ ಮೇಲೆ ತುಂಬ ಹೊತ್ತಿಗೆ ಇನ್ನೊಂದು. ಪ್ರಾಂಶುಪಾಲರು ಹುಬ್ಬೇರಿಸಿ, "ಏನ್ರೀ ಇದು, ಆ ಸೌಲಭ್ಯ ತೆಗೆದಾಗಿದೆ ಅಂದ್ರಿ? ಮತ್ತೆ ಯಾರು ತಿಂತಿರೋದು?" ಎಂದರು. ಪ್ರಶ್ನೆ ನನ್ನನ್ನು ಕೇಳಿದ್ದು. ನಾನು ಮುನಿರತ್ನಮ್ಮನವರ ಕಡೆ ನೋಡಿದೆ. ಅವರು ಈಗ ಓಡುತ್ತಿರುವ ಕೆಲಸಗಳ ಪಟ್ಟಿಯನ್ನು ತೆರೆದರು, ತೆರೆಯುವಾಗ ಪರದೆಯನ್ನು ಪ್ರಾಂಶುಪಾಲರಿಗೆ ಓರೆಯಾಗುವಂತೆ ಒಂದಿಷ್ಟು ನನ್ನ ಕಡೆಗೇ ತಿರುಗಿಸಿದರು. ಎಲ್ಲಕ್ಕಿಂತ ಮೇಲೆ ಒಂದು ಕೆಲಸ ಡಿಸ್ಕನ್ನು ಪೂರ್ತಿ ಹಿಡಿದುಕೊಂಡು ಕೂತಿತ್ತು. ಅದರ ಹೆಸರು "ಆಫೀಸ್ ಕಾಪಿ". ಪಕ್ಕದಲ್ಲಿ, ಆ ಕೆಲಸ ಯಾರ ಅಪ್ಪಣೆಯಿಂದ ನಡೆಯುತ್ತಿದೆ ಎನ್ನುವ ಕಾಲಮ್ಮಿನಲ್ಲಿ ನನ್ನ ಹುದ್ದೆಯ ಹೆಸರು.

ಆಗ ನನಗೆ ಎಲ್ಲ ನೆನಪಾಯಿತು. ಜೂನ್‌ನಲ್ಲಿ ಮುನಿರತ್ನಮ್ಮ ಒಂದು ವಾರ ರಜೆಯಲ್ಲಿದ್ದಾಗ ಕಂಪ್ಯೂಟರ್ ರಿಪೇರಿಯವರೊಬ್ಬರು ಬಂದಿದ್ದರು. ಕಚೇರಿಯ ಕಡತಗಳಿಗೆಲ್ಲ ಸರ್ವರಿನಲ್ಲೇ ದಿನಾ ತಾನಾಗಿ ಒಂದು ಆಫೀಸ್ ಕಾಪಿ ಆಗುವಂತೆ ಮಾಡಿ ಎಂದು ನಾನೇ ಅವರನ್ನು ಕೇಳಿದ್ದೆ. ಆತ "ಸಂಜೆ ಎಲ್ಲರೂ ಹೋದ್ಮೇಲೆ ಆಗೋ ಹಾಗೆ ಹಾಕ್ತೀನಿ ಸಾರ್" ಎಂದರೆ, ನಾನು ಸುತರಾಂ ಒಪ್ಪಲಿಲ್ಲ. ಕಚೇರಿಯಲ್ಲಿ ಯಾರೂ ಇಲ್ಲದಾಗ, ಮೇಲ್ವಿಚಾರಣೆಯೇ ಇಲ್ಲದೆ ಕೆಲಸ ನಡೆಯುವುದು ಎಂದರೇನು? ನಾಳೆ ಹೆಚ್ಚುಕಡಿಮೆಯಾದರೆ ಯಾರು ಹೊಣೆ? ಕಚೇರಿಯ ವೇಳೆ ಹತ್ತೂವರೆಗೆ ಆರಂಭ, ಆದ್ದರಿಂದ ಕಾಪಿಯೂ ಹತ್ತೂವರೆಗೇ ಆರಂಭವಾಗತಕ್ಕದ್ದು ಎಂದು ಅಪ್ಪಣೆ ಮಾಡಿದ್ದೆ. ಅಂದಿನಿಂದ ಆ ಸರ್ವರು, ಗುಮಾಸ್ತರೆಲ್ಲ ಅದರ ಬಾಗಿಲು ಬಡಿಯುವ ಹೊತ್ತಿಗೆ ಸರಿಯಾಗಿ, ವರ್ಷಗಟ್ಟಲೆಯ ಕಡತಗಳನ್ನು ಮೊದಲಿನಿಂದ ಕೊನೆಯವರೆಗೆ ನಕಲು ಮಾಡುತ್ತಾ ಕೂತಿತ್ತು. ದಿನಕ್ಕೊಂದು ಹೊಸ ಪ್ರತಿ. ನನ್ನ ಮೇಲ್ವಿಚಾರಣೆಯಲ್ಲಿ.

"ಒಂದು ಹಳೇ ಕಾಪಿ ಕೆಲಸ ಸಾರ್" ಎಂದರು ಮುನಿರತ್ನಮ್ಮ ಪ್ರಾಂಶುಪಾಲರಿಗೆ. "ಯಾವಾಗ್ಲೋ ಹಾಕಿದ್ದು. ಟೈಮ್ ಬದಲಾಯಿಸಿದ್ರೆ ಸರಿಹೋಗತ್ತೆ."

"ಯಾರು ಹಾಕಿದ್ದು?" ಎಂದರು ಪ್ರಾಂಶುಪಾಲರು.

ಮುನಿರತ್ನಮ್ಮ ಕೀಬೋರ್ಡಿನ ಧೂಳು ಒರೆಸತೊಡಗಿದರು. ಒರೆಸುವಷ್ಟು ಧೂಳು ಆ ಕೋಣೆಯಲ್ಲಿ ಎಂದೂ ಇದ್ದದ್ದಿಲ್ಲ. ಸರ್ವರಿನ ಕೆಲಸಗಳ ವೇಳಾಪಟ್ಟಿ ನೋಡಿ ನಿನ್ನೆಯೇ ಅವರಿಗೆ ಎಲ್ಲ ಗೊತ್ತಾಗಿತ್ತು, ಹತ್ತೂವರೆ ಬೇಡ ಎಂದದ್ದು ನನ್ನನ್ನು ಉಳಿಸಲು ಎಂಬುದು ಆ ಕ್ಷಣ ನನ್ನ ತಲೆಗೆ ಹೋಯಿತು. "ನಾನೇ ಸಾರ್" ಎಂದೆ. ಜೀವಮಾನದಲ್ಲಿ ನಾನು ಸದರಿ, ಸಂಬಂಧಪಟ್ಟ, ಕಂಡುಬಂದಿದ್ದು ಎಂಬ ಮಾತುಗಳಿಲ್ಲದೆ ಮೇಲಧಿಕಾರಿಗೆ ಒಪ್ಪಿಸಿದ ಮೊದಲ ವರದಿ ಅದು. ಪ್ರಾಂಶುಪಾಲರು ಮುನಿರತ್ನಮ್ಮನವರ ಕಡೆ ತಿರುಗಿ, "ಕೀ ನಿಮ್ಮ ಹತ್ರಾನೇ ಇರ್ಲಮ್ಮ. ಮಂಡಳಿಗೆ ನಾನು ಹೇಳ್ತೀನಿ" ಎಂದು ಎದ್ದು ಹೋದರು. ಆ ಕಾಪಿಯನ್ನು ಸಂಜೆ ಆರರ ಮೇಲಕ್ಕೆ ತಳ್ಳಿದ್ದಾಯಿತು. ಮರುದಿನ ಹತ್ತೂವರೆಗೆ ಗುಮಾಸ್ತರಿಗೆ ಕಾಫಿಗೆ ಹೋಗಲು ನೆಪವೇ ಇಲ್ಲದಂತಾಯಿತು. ಹಾಲ್‌ಟಿಕೆಟ್ಟುಗಳು ಗಡುವಿಗೆ ಎರಡು ದಿನ ಮೊದಲೇ ಮುಗಿದವು.

ನಾನು ಕ್ಷಮೆ ಕೇಳಿದೆ. ಅವರು "ಅಯ್ಯೋ ಬಿಡಿ ಸಾರ್" ಎಂದರು. ಬಿಟ್ಟರೆ ಆಗುತ್ತದೆಯೇ? ಆ ನಿರ್ಲಕ್ಷ್ಯ ಎಂಬ ಮಾತು ಎಲ್ಲೂ ಉಳಿಯಬಾರದು ಎಂದು ಪಣ ತೊಟ್ಟೆ. ಪ್ರಾಂಶುಪಾಲರಿಂದ ಟಿಪ್ಪಣಿಯ ಮೂಲಪ್ರತಿ ವಾಪಸು ಪಡೆದು ಹರಿದೆ. ಫೈಲಿನೊಳಗಿನ ಆಫೀಸ್ ಕಾಪಿಯನ್ನು ಕಿತ್ತು ಹರಿದೆ. ನಾನು ಆಫೀಸ್ ಕಾಪಿ ಹರಿದದ್ದನ್ನು ಕಂಡು ಗುಮಾಸ್ತರು ಗಾಬರಿಯಾಗಿ ಎದ್ದು ನಿಂತರು. ನನ್ನ ಕಂಪ್ಯೂಟರಿನಿಂದಲೂ ಅಳಿಸಿ, ಸರ್ವರ್ ಕೋಣೆಗೆ ಹೋಗಿ, "ಪೂರ್ತಿ ತೆಗೆದುಹಾಕ್ದೆ ಮುನಿರತ್ನಮ್ಮ, ಇನ್ನು ಆ ಟಿಪ್ಪಣಿ ಇಲ್ಲವೇ ಇಲ್ಲ" ಎಂದೆ.

ಅವರು ಸ್ವಲ್ಪ ಸಂಕೋಚದಿಂದ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಆಫೀಸ್ ಕಾಪಿಗಳ ಕಪಾಟು. ಟಿಪ್ಪಣಿ ಬರೆದ ಮರುದಿನದಿಂದ ನಿನ್ನೆ ಸಂಜೆಯವರೆಗೆ ದಿನಕ್ಕೊಂದರಂತೆ ಏಳು ಪ್ರತಿಗಳಲ್ಲಿ ಅದು ಸುಖವಾಗಿ ಕೂತಿತ್ತು. ಏಳರಲ್ಲೂ ಅದೇ ಏಕಾರ. "ಅಳಿಸಿಬಿಡಿ" ಎಂದೆ. "ಅಳಿಸ್ತೀನಿ ಸಾರ್. ಆದ್ರೆ ನೀವೇ ಸುತ್ತೋಲೆ ಹೊರಡಿಸಿದ್ದೀರಲ್ಲ, ಯಾವ ಆಫೀಸ್ ಕಾಪಿ ಅಳಿಸಬೇಕಾದ್ರೂ ಕಾರಣ ತೋರಿಸಿ ಪ್ರಾಂಶುಪಾಲರಿಗೆ ಟಿಪ್ಪಣಿ ಹಾಕ್ಬೇಕು ಅಂತ" ಎಂದರು. ಆ ಟಿಪ್ಪಣಿಯಲ್ಲಿ ಹಳೆಯದನ್ನು ಪೂರ್ತಿ ವಿವರಿಸಬೇಕು. ಅದಕ್ಕೂ ಸಂಜೆ ಆರಕ್ಕೆ ಒಂದು ಆಫೀಸ್ ಕಾಪಿ ಆಗುತ್ತದೆ. ನಾನು ಸ್ಟೂಲಿನ ಮೇಲೆ ಕುಸಿದೆ. ಮುನಿರತ್ನಮ್ಮ ನಕ್ಕರು. ಕೆಂಚಾರ್ಲಹಳ್ಳಿಯ ಅವರಮ್ಮನ ನಗು ಹೀಗೇ ಇದ್ದಿರಬೇಕು. "ಊರಿಕೆ ಇರ್ಲಿ ಬಿಡಿ ಸಾರ್. ಯಾರೂ ತೆಗೆದು ನೋಡಲ್ಲ. ಸುಮ್ನೆ ಇರೋದು ಏನೂ ತಿನ್ನಲ್ಲ ಅಂತ ಇಬ್ರೂ ಸೇರಿ ತೂಗಿ ನೋಡಿದ್ದೀವಲ್ಲ, ನಿಮ್ಮ ಸಹಿ ಇದೆ" ಎಂದರು.

ಆ ಭಾನುವಾರ ಮನೆಯಲ್ಲಿ ಒಂದು ಪ್ಲಗ್ಗನ್ನೂ ಕೀಳದೆ, ಜಗಲಿಯ ಕುರ್ಚಿಯಲ್ಲಿ ಕೂತು ಆ ಏಳು ಪ್ರತಿಗಳನ್ನೇ ನೆನೆಯುತ್ತಿದ್ದೆ. ಸರೋಜ ಬಂದು, "ಏನ್ರೀ, ಬೆಳಿಗ್ಗೆಯಿಂದ ಹೀಗೆ ಕೂತಿದ್ದೀರಾ, ಮೈ ಹುಷಾರಿಲ್ವಾ?" ಎಂದಳು. ನಡೆದದ್ದನ್ನೆಲ್ಲ ಹೇಳಿದೆ. ಹೇಳಿ, "ನಾನು ಇಷ್ಟು ದಿನ ತಪ್ಪು ತಿಳ್ಕೊಂಡಿದ್ದೆ ಕಣೇ. ಕೆಲಸ ಇಲ್ಲದೆ ಸುಮ್ನೆ ಕೂತಿರೋದು ಅಂಥಾದ್ದೇನೂ ತಿನ್ನಲ್ಲ. ಲೆಕ್ಕ ಹಾಕಿ ನೋಡಿದ್ದಾರೆ" ಎಂದೆ. ಸರೋಜ ನನ್ನ ಪಕ್ಕದಲ್ಲಿದ್ದ ನಿಪ್ಪಟ್ಟಿನ ಡಬ್ಬಿಯನ್ನು ಎತ್ತಿ, ಮಾರ್ಕೆಟ್ಟಿನಲ್ಲಿ ಗೂಡು ನೋಡುವವರ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಬೆಳಿಗ್ಗೆ ಅವಳು ತುಂಬಿಟ್ಟಿದ್ದ ಡಬ್ಬಿ. ಒಳಗಿಂದ ಸದ್ದೇ ಬರಲಿಲ್ಲ.

"ಅವರು ತೂಗಿದ್ದು ಸರ್ವರನ್ನ ಕಣ್ರೀ" ಎಂದು ಡಬ್ಬಿಯನ್ನು ಒಳಗೆ ತೆಗೆದುಕೊಂಡು ಹೋದಳು.